ಮುಖದಲ್ಲಿ ಆಸೆ ಕಾಣಬಾರದು

ಹೇಳಿದ ಬೆಲೆಗೆ ವಸ್ತು ಕೊಂಡವನು ಮನುಷ್ಯನೇ ಅಲ್ಲ ಎಂಬುದು ನನ್ನ ಸಿದ್ಧಾಂತ. ಇಪ್ಪತ್ತೆರಡು ವರ್ಷಗಳಿಂದ ನೀರಿನ ಪಂಪು ತಯಾರಿಸುವ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕೂತವನು ನಾನು. ಬೋಲ್ಟು, ನಟ್ಟು, ವಾಷರು ಬಿಡಿ, ಕಚೇರಿಯ ಗುಂಡುಸೂಜಿಯನ್ನು ಕೂಡ ಮೂರು ಕೊಟೇಶನ್ ಇಲ್ಲದೆ ಕೊಂಡವನಲ್ಲ. ನನ್ನನ್ನು ಕಂಡರೆ ಸರಬರಾಜುದಾರರು ಮೊದಲು ನೀರು ಕುಡಿಯುತ್ತಾರೆ, ಆಮೇಲೆ ದರ ಹೇಳುತ್ತಾರೆ. ಒಬ್ಬನಂತೂ ಒಮ್ಮೆ, "ಸಾರ್, ಇದಕ್ಕಿಂತ ಇಳಿಸಿದರೆ ನನ್ನ ಮನೆಯನ್ನೇ ನಿಮ್ಮ ಹೆಸರಿಗೆ ಬರೀಬೇಕಾಗುತ್ತೆ" ಎಂದು ಕಣ್ಣೊರೆಸಿಕೊಂಡ. "ಮನೆಗೂ ಮೂರು ಕೊಟೇಶನ್ ಬೇಕು" ಎಂದಿದ್ದೆ ನಾನು! ಇಂಥ ಮಹಾಪುರುಷ ವಿದೇಶಕ್ಕೆ ಹೋಗಿ ಅಗ್ಗದಲ್ಲಿ ಒಂದು ಹೊಲಿಗೆ ಯಂತ್ರ ತಂದ ಕಥೆ ಇದು. ತಂದದ್ದು ನಿಜವಾಗಿ ಯಾರು ಎಂಬುದನ್ನು ಈಗಲೇ ಹೇಳುವುದಿಲ್ಲ. ಹೇಳಿದರೆ ಇರುವ ಅಲ್ಪಸ್ವಲ್ಪ ಮರ್ಯಾದೆಯೂ ಮೊದಲ ಪುಟದಲ್ಲೇ ಖರ್ಚಾಗಿಬಿಡುತ್ತದೆ.

ಕಿಚ್ಚು ಹಚ್ಚಿದವನು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಕಳೆದ ವರ್ಷ ಅವನು ಸಮುದ್ರದಾಚೆಯ ಒಂದು ದೇಶಕ್ಕೆ ನಾಲ್ಕು ದಿನದ ಪ್ರವಾಸ ಹೋಗಿ ನಾಲ್ಕು ಚಕ್ರದ ಒಂದು ಸೂಟ್‌ಕೇಸು ತಂದ. ಮನೆಗೆ ಯಾರೇ ಬರಲಿ, ಕಾಫಿಗೆ ಮೊದಲು ಆ ಸೂಟ್‌ಕೇಸು ಬರುತ್ತಿತ್ತು. "ಬೆರಳಲ್ಲಿ ನೂಕಿ ನೋಡಿ, ಬರೀ ಬೆರಳಲ್ಲಿ! ಇಲ್ಲಿ ಕೊಡೋ ಬೆಲೇಲಿ ಅರ್ಧ!" ಎನ್ನುತ್ತಿದ್ದ. ನಾನೂ ನೂಕಿದೆ. ಅದು ಸದ್ದಿಲ್ಲದೆ ಹೋಗಿ ಎದುರು ಗೋಡೆಗೆ ಮುಟ್ಟಿತು. ನನ್ನ ಹೊಟ್ಟೆಯೊಳಗೆ ಮಾತ್ರ ಭಾರೀ ಸದ್ದಾಯಿತು. ಚೌಕಾಸಿಯ ಗಂಧವಿಲ್ಲದ, ತರಕಾರಿಯವಳು ಕೇಳಿದಷ್ಟು ಕೊಟ್ಟು ಬರುವ ಈ ಪುಣ್ಯಾತ್ಮನಿಗೇ ಅರ್ಧ ಬೆಲೆಗೆ ಸಿಕ್ಕಿದರೆ, ನನಗೆ ಕಾಲು ಬೆಲೆಗೆ ಸಿಗಬೇಡವೆ? ಅಂದೇ ಪ್ರತಿಜ್ಞೆ ಮಾಡಿದೆ.

ಸಂದರ್ಭವೂ ತಾನಾಗಿ ಒದಗಿತು. ನನ್ನವಳು ಮನೆಯ ಮುಂಗೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಇವಳ ಕೈ ಚೆನ್ನಾಗಿದೆ ಎಂದು ಕೇಳಿ ದೊಡ್ಡಾಸ್ಪತ್ರೆಯ ಮೇಟ್ರನ್ ಒಬ್ಬರು ನರ್ಸುಗಳ ತಿಳಿನೀಲಿ ಸಮವಸ್ತ್ರ ಹೊಲಿಯಲು ಕೊಡುವುದಾಗಿ ಹೇಳಿಕಳಿಸಿದ್ದರು. ನೂರಿಪ್ಪತ್ತು ಜೊತೆ! ಷರತ್ತು ಎರಡೇ. ಒಂದನೇ ತಾರೀಖಿಗೆ ಮಾದರಿ ಜೊತೆ ಹೊಲಿದು ತೋರಿಸಬೇಕು. ಬಟ್ಟೆಯ ಅಂಚಿನ ನೂಲು ಬಿಚ್ಚಿಕೊಳ್ಳದಂತೆ ಎಲ್ಲ ಕಡೆ ಓವರ್‌ಲಾಕ್ ಆಗಿರಬೇಕು. ಓವರ್‌ಲಾಕ್ ಮಷೀನು ಇವಳ ಬಳಿ ಇರಲಿಲ್ಲ. ಆರು ವರ್ಷಗಳಿಂದ ಬಸ್ ನಿಲ್ದಾಣದ ಹಿಂದಿನ ದರ್ಜಿಯ ಅಂಗಡಿಗೆ ಬಟ್ಟೆ ಹೊತ್ತು ಹೋಗಿ, ಅವನಿಗೆ ಪುರುಸೊತ್ತಾಗುವವರೆಗೆ ಬಾಗಿಲಲ್ಲಿ ನಿಂತು, ಅಂಚು ಹೊಲಿಸಿ ತರುತ್ತಿದ್ದಳು. ಮೇಟ್ರನ್ ಪಟ್ಟಿಯಲ್ಲಿ ಎರಡನೆಯ ಹೆಸರೂ ಅವನದೇ.

"ಇನ್ನು ಅವನ ಬಾಗಿಲಲ್ಲಿ ನಿಲ್ಲಲ್ಲ ರೀ" ಎಂದಳು ಗುಂಡಿಯ ಡಬ್ಬ ತೆರೆದು. ಮೇಲೆ ಗುಂಡಿ, ಕೆಳಗೆ ನಾಲ್ಕು ವರ್ಷದ ಉಳಿತಾಯ. "ನಾಳೆ ಹೋಗಿ ಮೂಲೆ ಅಂಗಡೀಲಿ ಮಷೀನ್ ತಂದುಬಿಡೋಣ."

"ಹೇಳಿದ ಬೆಲೆಗಾ?"

"ಹೂಂ. ನ್ಯಾಯವಾಗೇ ಹೇಳಿದಾರೆ."

"ನ್ಯಾಯ ಸಿಗೋದು ಕೋರ್ಟಿನಲ್ಲಿ ಕಣೇ, ಅಂಗಡೀಲಲ್ಲ! ಅದೇ ಮಷೀನು ಸಮುದ್ರದಾಚೆ ಅರ್ಧ ಬೆಲೆ. ನಾನು ಹೋದರೆ ಅರ್ಧದಲ್ಲಿ ಅರ್ಧ."

"ಟಿಕೆಟ್ಟು, ಹೋಟೆಲ್ಲು ಸೇರಿದರೆ ಎರಡರಷ್ಟಾಗಲ್ವಾ?"

"ಅಯ್ಯೋ ಪೆದ್ದಿ! ಅದು ಪ್ರವಾಸದ ಬಾಬತ್ತು, ನನ್ನ ಜೇಬಿಂದು. ಇದು ಖರೀದಿ ಬಾಬತ್ತು. ಎರಡನ್ನೂ ಕಲಸಿದರೆ ಆಡಿಟ್‌ನವರು ಸುಮ್ಮನಿರ್ತಾರಾ?"

"ನಮ್ಮನೆಗೆ ಯಾವ ಆಡಿಟ್ ಬರುತ್ತೆ ರೀ?"

ಅರಿಯದವರ ಮಾತಿಗೆ ಜ್ಞಾನಿಗಳು ನಗುತ್ತಾರಲ್ಲ, ಹಾಗೆ ನಕ್ಕೆ. ಅವಳು ಡಬ್ಬ ಮುಚ್ಚಿ, "ಒಂದನೇ ತಾರೀಖಿಗೆ ಮಷೀನ್ ಮನೇಲಿರಬೇಕು. ಇಲ್ಲಾಂದ್ರೆ ಆರ್ಡರ್ ಅವನಿಗೆ ಹೋಗುತ್ತೆ. ಹೋಯ್ತೋ..." ಎಂದು ಅಲ್ಲಿಗೇ ನಿಲ್ಲಿಸಿದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ, ಅವಳು ಹೇಳದೆ ಬಿಟ್ಟ ಅರ್ಧವೇ ನನಗೆ ಚೆನ್ನಾಗಿ ಕೇಳಿಸುತ್ತದೆ. ಆದರೂ ಟಿಕೆಟ್ ತೆಗೆಸಿದೆ.

ವಿಮಾನದಲ್ಲಿ ಅವಳಿಗೆ ಚೌಕಾಸಿ ಶಾಸ್ತ್ರದ ಉಪದೇಶ ಮಾಡಿದೆ. "ನೋಡು, ಮೂರೇ ಸೂತ್ರ. ಮೊದಲನೇದು, ಮುಖದಲ್ಲಿ ಆಸೆ ಕಾಣಬಾರದು. ಕಂಡರೆ ಬೆಲೆ ಏರುತ್ತೆ. ಎರಡನೇದು, ಅಂಗಡಿಯೊಳಗೆ ನೀನು ಬಾಯಿ ಬಿಡಬಾರದು. ಮೂರನೇದು, ನಾನು ಕಿವಿ ಕೆರೆದುಕೊಂಡ ತಕ್ಷಣ ಎದ್ದು ಹೊರಟುಬಿಡಬೇಕು. ಅಂಗಡಿಯವನು ಹಿಂದೆ ಓಡಿ ಬರ್ತಾನೆ."

"ಮಷೀನ್ ಬಗ್ಗೆ ಗೊತ್ತಿರೋದು ನನಗಲ್ವಾ?"

"ಅದಕ್ಕೇ ಬಾಯಿ ಬಿಡಬಾರದು. ಗೊತ್ತಿರೋರ ಮುಖ ನೋಡಿದ ಕೂಡಲೇ ತಿಳಿಯುತ್ತೆ. ಎಲ್ಲಿ, ಒಂದು ಬೇಜಾರಿನ ಮುಖ ಮಾಡು ನೋಡೋಣ."

ಮಾಡಿದಳು.

"ಸಾಲದು. ಇನ್ನೂ ಬೇಜಾರು ಬೇಕು."

"ನಿಮ್ಮನ್ನೇ ನೋಡ್ತಾ ಇರ್ತೀನಿ ಬಿಡಿ, ತಾನಾಗೇ ಬರುತ್ತೆ."

ಐದು ನಿಮಿಷದ ಅಭ್ಯಾಸದಲ್ಲಿ ಮುಖ ಎಷ್ಟು ಪಳಗಿತೆಂದರೆ ಗಗನಸಖಿ ಓಡಿ ಬಂದು ಅವಳ ಕೈಗೆ ವಾಂತಿಯ ಚೀಲ ಕೊಟ್ಟಳು. ಶಿಷ್ಯೆ ತಯಾರಾದಳೆಂದು ನಾನು ಕಣ್ಣು ಮುಚ್ಚಿ ನಿದ್ದೆಹೋದೆ.

ಆ ಊರಿನಲ್ಲಿ ಹೊಲಿಗೆ ಯಂತ್ರಗಳಿಗೇ ಒಂದು ಬೀದಿ. ಎರಡೂ ಕಡೆ ಅಂಗಡಿಗಳು, ಗಾಜಿನ ಹಿಂದೆ ಸಾಲುಸಾಲು ಮಷೀನು, ಪಾದಚಾರಿ ದಾರಿಯ ಮೇಲೂ ನೂಲಿನ ಉಂಡೆಗಳ ರಾಶಿ. ನನ್ನವಳ ನಡಿಗೆಯೇ ಬದಲಾಯಿತು. ಮೊದಲ ಅಂಗಡಿಯಲ್ಲಿದ್ದವಳು ನಡುವಯಸ್ಸಿನ ಒಬ್ಬ ಹೆಂಗಸು, ಕೊರಳಲ್ಲಿ ಅಳತೆಯ ಟೇಪು. ಒಳಗೆ ಬಾಗಿಲ ಬಳಿಯೇ ಬಿಳಿ ಬಣ್ಣದ ಒಂದು ಪುಟ್ಟ ಓವರ್‌ಲಾಕ್ ಮಷೀನು ಇತ್ತು. ಮೋಟಾರು ಒಳಗೇ, ಮೇಲೆ ಹಿಡಿಕೆ, ಕೈಯಲ್ಲಿ ಹಿಡಿದು ಹೊರಡುವ ಹಾಗಿತ್ತು. ಅದನ್ನು ಕಂಡದ್ದೇ ತಡ, ಇವಳ ಮುಖ ಅರಳಿತು! ವಿಮಾನದ ಅಭ್ಯಾಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ನಾನು ತಕ್ಷಣ ಅವಳ ಕಾಲು ತುಳಿದೆ.

"ಅಯ್ಯೋ! ರೀ, ಇದೇ—"

"ಮುಖ!" ಎಂದೆ ಹಲ್ಲು ಕಚ್ಚಿ.

ಆ ಊರಿನ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಮಧ್ಯಸ್ಥಿಕೆಗೆ ಕ್ಯಾಲ್ಕುಲೇಟರ್. ಅಂಗಡಿಯಾಕೆ ಅದರಲ್ಲಿ ಎಂಟುನೂರು ಒತ್ತಿ ತೋರಿಸಿದಳು. ಅದು ಅಲ್ಲಿನ ನೋಟಿನ ಲೆಕ್ಕ. ನಾನು ಇನ್ನೂರು ಒತ್ತಿದೆ. ಅವಳು ನಕ್ಕು ಮತ್ತೆ ಎಂಟುನೂರು ಒತ್ತಿದಳು. ನಾನು ಕಿವಿ ಕೆರೆದುಕೊಂಡೆ. ನನ್ನವಳು ಕದಲಲಿಲ್ಲ. ಇನ್ನೊಮ್ಮೆ ಕೆರೆದೆ. "ಕಿವಿಗೆ ಏನಾಯ್ತು ರೀ?" ಎಂದಳು. ಕೈ ಹಿಡಿದು ಎಳೆದುಕೊಂಡೇ ಹೊರಗೆ ಬಂದೆ. ಹತ್ತು ಹೆಜ್ಜೆ ನಿಧಾನಕ್ಕೆ ನಡೆದೆವು. ಯಾರೂ ಓಡಿ ಬರಲಿಲ್ಲ. ಇನ್ನೂ ನಿಧಾನಕ್ಕೆ ನಡೆದೆವು. ಕೊನೆಗೆ ಆ ಕಟ್ಟಡವನ್ನೇ ಒಂದು ಸುತ್ತು ಹಾಕಿ ಅದೇ ಅಂಗಡಿಯ ಮುಂದೆ ಬಂದೆವು. ಅಂಗಡಿಯಾಕೆ ಊಟ ಮಾಡುತ್ತಿದ್ದಳು.

"ಬೇಡ ಬಿಡು. ನಿಯಮದ ಪ್ರಕಾರ ಮೂರು ಕೊಟೇಶನ್ ಆಗಬೇಕು" ಎಂದೆ.

ಊರಿನಿಂದಲೇ ನಾನು ಲಕೋಟೆ, ಗೆರೆ ಹಾಕಿದ ಹಾಳೆ, ಗೋಂದು ಎಲ್ಲ ತಂದಿದ್ದೆ. ಅಂಗಡಿ ಅಂಗಡಿಗೆ ಹೋಗಿ ಮಷೀನು ತೋರಿಸಿ, ಲಕೋಟೆ ಕೊಟ್ಟು, "ದರ ಬರೆದು, ಮುಚ್ಚಿ, ಮೊಹರು ಹಾಕಿ" ಎಂದು ಕೈಸನ್ನೆಯಲ್ಲಿ ವಿವರಿಸಿದೆ. ಮೊಹರಿನ ಸನ್ನೆಗೆ ನಾನು ಮೇಜು ಗುದ್ದಿದ್ದಕ್ಕೆ ಒಬ್ಬ ಹೆದರಿ ಪಕ್ಕದ ಅಂಗಡಿಯವನನ್ನು ಕರೆದ. ಇನ್ನೊಬ್ಬ ಲಕೋಟೆ ತೆರೆದು ನೋಡಿ, ಒಳಗೆ ದುಡ್ಡಿಲ್ಲವೆಂದು ವಾಪಸು ಕೊಟ್ಟ. ಮತ್ತೊಬ್ಬ ಮಾತ್ರ ಬಹಳ ಗೌರವದಿಂದ ಏನನ್ನೋ ತುಂಬಿ ಅಂಟಿಸಿಕೊಟ್ಟ. ಹೋಟೆಲಿನಲ್ಲಿ ತೆರೆದು ನೋಡಿದರೆ ಎರಡು ಪೆಪ್ಪರ್‌ಮೆಂಟು! ಕನಿಷ್ಠ ದರ ಅದೇ ಎಂದು ಹೇಳಿ ಅವಳು ಒಂದನ್ನು ಬಾಯಿಗೆ ಹಾಕಿಕೊಂಡಳು. ಮೊದಲ ದಿನ ಮುಗಿಯಿತು.

ಎರಡನೆಯ ದಿನ ಬೀದಿಯ ಕೊನೆಯ ಅಂಗಡಿಯಲ್ಲಿ ನನಗೆ ಸರಿಸಾಟಿಯಾದ ಎದುರಾಳಿ ಸಿಕ್ಕಿದ. ದುಂಡು ಮುಖ, ದಪ್ಪ ಮೀಸೆ, ಬಾಯಲ್ಲಿ ಹಲ್ಲುಕಡ್ಡಿ. ನಾನು ಊರಿನಿಂದ ತಂದಿದ್ದ ಓವರ್‌ಲಾಕ್ ಚಿತ್ರ ತೋರಿಸಿದೆ. ಅವನು ತಲೆಯಾಡಿಸಿ ಹಿಂದಿನ ಕೋಣೆಗೆ ಕರೆದೊಯ್ದ. ಅಲ್ಲೊಂದು ಹಸಿರು ಬಣ್ಣದ ಮಷೀನು. ಗಾತ್ರ ಅಂದರೆ ಅದು! ಮೊದಲ ಅಂಗಡಿಯ ಬಿಳಿ ಮಷೀನು ಇದರ ಮೊಮ್ಮಗುವಿನಂತೆ ಕಾಣುತ್ತಿತ್ತು. ಅಪ್ಪಟ ಕಬ್ಬಿಣ. ಅವನು ಒತ್ತಿದ್ದು ಸಾವಿರದ ಇನ್ನೂರು. ನನ್ನ ರಕ್ತ ಬಿಸಿಯಾಯಿತು.

ನಾನು ಮುನ್ನೂರು ಒತ್ತಿದೆ. ಅವನು ಎದೆ ಹಿಡಿದುಕೊಂಡು ಕುರ್ಚಿಗೆ ಒರಗಿದ. ನಾನು ಮುನ್ನೂರೈವತ್ತು ಮಾಡಿದೆ. ಅವನು ಗೋಡೆಯ ಮೇಲಿದ್ದ ತನ್ನ ಮಕ್ಕಳ ಫೋಟೋ ತೋರಿಸಿದ. ನಾನೂ ಪರ್ಸಿನಿಂದ ನನ್ನ ಮಗಳ ಫೋಟೋ ತೆಗೆದೆ. ಅವನು ಸಾವಿರಕ್ಕೆ ಇಳಿದ. ಆಹಾ, ಎಂಥ ಕಾಳಗ! ಇಷ್ಟರಲ್ಲಿ ನನ್ನವಳು ಮಷೀನಿನ ಕೆಳಗೆ ಬಗ್ಗಿ ನೋಡಿದಳು, ಹಿಂದೆ ಹೋಗಿ ನೋಡಿದಳು, ಬಂದು ನನ್ನ ತೋಳು ಜಗ್ಗಿದಳು.

"ರೀ, ಒಂದು ನಿಮಿಷ. ಇದು—"

ಕಾಲು ತುಳಿದೆ.

"ಅಲ್ಲಾ ರೀ, ಇದರಲ್ಲಿ—"

ಮತ್ತೆ ತುಳಿದೆ. "ಇಳೀತಾ ಇದಾನೆ, ಸುಮ್ಮನಿರು!"

ಮೂರನೆಯ ಸಲ ಅವಳು ಬಾಯಿ ತೆರೆಯುವ ಮೊದಲೇ ತುಳಿದೆ. ನಾಲ್ಕನೆಯ ಸಲ ಅವಳು ಬಾಯಿ ತೆರೆಯಲೇ ಇಲ್ಲ, ಮುಂಜಾಗ್ರತೆಗೆಂದು ತುಳಿದೆ. ಅವಳ ಮುಖದಲ್ಲಿ ಈಗ ಆಸೆಯ ಲವಲೇಶವೂ ಇರಲಿಲ್ಲ. ಅದನ್ನು ನೋಡಿ ಮೀಸೆಯವನೂ ಧೈರ್ಯಗೆಟ್ಟಿರಬೇಕು, ಐನೂರಕ್ಕೆ ಒಪ್ಪಿದ! ಸಾವಿರದ ಇನ್ನೂರರಿಂದ ಐನೂರು! ಕೈಕುಲುಕಿದ, ತಬ್ಬಿಕೊಂಡ, ಒಂದು ಕೀಚೈನನ್ನು ಉಡುಗೊರೆಯಾಗಿ ಕೊಟ್ಟ. ಸೋತವನು ತಬ್ಬಿಕೊಳ್ಳುತ್ತಾನೆಯೆ ಎಂದು ಯೋಚಿಸಬೇಕಿತ್ತು. ಗೆದ್ದವನಿಗೆ ಯೋಚನೆ ಎಲ್ಲಿ ಬರುತ್ತದೆ?

ಟ್ಯಾಕ್ಸಿಯವನೂ ನಾನೂ ಸೇರಿ ಅದನ್ನು ಹೋಟೆಲಿನ ಮೂರನೆಯ ಮಹಡಿಗೆ ಹೊತ್ತೆವು. ಮಂಚದ ಪಕ್ಕ ಇಳಿಸಿದಾಗ ನೆಲದ ಟೈಲ್ಸು ನರಳಿತು. ನಾನು ಬೆವರೊರೆಸಿಕೊಂಡು ಷಡ್ಡಕನ ಮುಖವನ್ನು ಮನಸ್ಸಿನಲ್ಲೇ ಕಂಡು ಸುಖಿಸುತ್ತಿದ್ದೆ. ಅವಳು ಮಂಚದ ಮೇಲೆ ಕೂತು ಕಾಲು ತಿಕ್ಕಿಕೊಳ್ಳುತ್ತಿದ್ದಳು.

"ಈಗ ಮಾತಾಡಬಹುದಾ?"

"ಧಾರಾಳವಾಗಿ! ಹೊಗಳೋದಾದರೆ ನಿಧಾನಕ್ಕೆ ಹೊಗಳು."

"ಅದು ಬರೀ ತಲೆ."

"ಅಂದ್ರೆ?"

"ದೊಡ್ಡ ಮಷೀನುಗಳನ್ನ ಬಿಡಿಬಿಡಿಯಾಗಿ ಮಾರ್ತಾರೆ. ಇದು ಹೆಡ್ಡು. ಮೋಟಾರು ಬೇರೆ, ಮೇಜು ಬೇರೆ, ಪೆಡಲು ಬೇರೆ. ಅವೆಲ್ಲ ಇಲ್ಲದೆ ಇದು ತಿರುಗಲ್ಲ."

ನನ್ನ ತಲೆ ಮಾತ್ರ ಗಿರ್ರೆಂದು ತಿರುಗಿತು. "ಅಲ್ಲೇ ಹೇಳಬಾರದಾಗಿತ್ತಾ?"

ಅವಳು ಎಡಗಾಲನ್ನು ಮುಂದೆ ಚಾಚಿದಳು. ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಹೋಗಲಿ, ಮೋಟಾರು, ಮೇಜು ನಮ್ಮೂರಲ್ಲೇ ತಗೊಂಡರಾಯ್ತು" ಎಂದೆ ಸಣ್ಣ ದನಿಯಲ್ಲಿ.

"ತಗೊಂಡು? ಅದು ಜಮಖಾನದ ಅಂಚು ಹೊಲಿಯೋ ಮಷೀನು. ಸೂಜಿ ನೋಡಿದ್ರಾ, ಮೊಳೆ ಥರ ಇದೆ. ನರ್ಸಮ್ಮಗಳಿಗೆ ಜಮಖಾನ ಹೊದಿಸಿ ಕಳಿಸ್ತೀರಾ?"

ಇಪ್ಪತ್ತೆರಡು ವರ್ಷದ ಅನುಭವ ಆ ಮಂಚದ ಪಕ್ಕದಲ್ಲಿ, ಆ ಕಬ್ಬಿಣದ ಪಕ್ಕದಲ್ಲಿ ತೆಪ್ಪಗೆ ಕೂತಿತು. ತಲೆ ಇದ್ದವನು ಯಾರಾದರೂ ಬರೀ ತಲೆ ಕೊಳ್ಳುತ್ತಾನೆಯೆ? ಬಾಗಿಲ ಬಳಿಯ ಮೇಜಿನ ಮೇಲೆ ವಿಮಾನದ ಟಿಕೆಟ್ಟು ಇತ್ತು. ಒಬ್ಬೊಬ್ಬರಿಗೆ ಇಪ್ಪತ್ತು ಕೆಜಿ ಎಂದು ಬರೆದಿತ್ತು. ಆ ತಲೆಯೊಂದೇ ಮೂವತ್ತೊಂದು ಕೆಜಿ ಎಂದು ಅದರ ಬೆನ್ನ ಮೇಲಿನ ತಗಡು ಹೇಳುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಎದ್ದವನೇ ಎರಡು ಚಕ್ರದ ಒಂದು ತಳ್ಳುಗಾಡಿ ಕೊಂಡೆ. ಅದನ್ನು ಚೌಕಾಸಿ ಮಾಡಿ ಅಗ್ಗಕ್ಕೇ ಕೊಂಡೆ. ಅಗ್ಗಕ್ಕೆ ತಕ್ಕಂತೆ ಬೀದಿಯ ತಿರುವಿನಲ್ಲೇ ಒಂದು ಚಕ್ರ ಕಳಚಿಕೊಂಡು ತನ್ನ ಪಾಡಿಗೆ ಚರಂಡಿಗೆ ಹೋಯಿತು. ಉಳಿದ ಒಂದೇ ಚಕ್ರದಲ್ಲಿ ಕಬ್ಬಿಣವನ್ನು ಎಳೆದುಕೊಂಡು ಮೀಸೆಯವನ ಅಂಗಡಿ ತಲುಪಿದೆ. ನಿನ್ನೆ ತಬ್ಬಿಕೊಂಡವನು ಇವತ್ತು ನನ್ನನ್ನು ಗುರುತೇ ಹಿಡಿಯಲಿಲ್ಲ! ಕೀಚೈನ್ ತೋರಿಸಿದೆ. ಆಗ ಗುರುತು ಹತ್ತಿ, ಗೋಡೆಯ ಮೇಲಿನ ಒಂದು ಫಲಕ ತೋರಿಸಿದ. ಅಕ್ಷರ ಓದಲು ಬರದಿದ್ದರೂ, ಪೆಟ್ಟಿಗೆಯ ಚಿತ್ರದ ಮೇಲೆ ಎಳೆದಿದ್ದ ದಪ್ಪ ಕೆಂಪು ಗೀಟು ಎಲ್ಲ ಭಾಷೆಯಲ್ಲೂ ಒಂದೇ ಅರ್ಥ ಹೇಳುತ್ತಿತ್ತು.

ನಾನು ಕ್ಯಾಲ್ಕುಲೇಟರಿನಲ್ಲಿ ಐನೂರು ಒತ್ತಿದೆ. ಅವನು ಐವತ್ತು ಒತ್ತಿದ. ನಾನು ಎದೆ ಹಿಡಿದುಕೊಂಡು ಕುರ್ಚಿಗೆ ಒರಗಿದೆ. ಅವನು ಕರಗಲಿಲ್ಲ. ಮಗಳ ಫೋಟೋ ತೆಗೆದೆ. ಅವನು ಅದನ್ನು ನಿನ್ನೆಯೇ ನೋಡಿದ್ದ.

ಆಮೇಲೆ ಬೀದಿಯುದ್ದಕ್ಕೂ ಅಂಗಡಿ ಅಂಗಡಿ ಹತ್ತಿ ಇಳಿದೆ. ಮೊನ್ನೆ ಅವರಿಂದ ಕೊಳ್ಳಲು ದರ ಕೇಳಿದವನು ಇವತ್ತು ಅವರಿಗೇ ಮಾರಲು ದರ ಕೇಳುತ್ತಿದ್ದೆ. ಒಬ್ಬ ನಲವತ್ತು ಒತ್ತಿದ, ಒಬ್ಬ ಮೂವತ್ತು ಒತ್ತಿದ. ಪೆಪ್ಪರ್‌ಮೆಂಟು ಕೊಟ್ಟಿದ್ದವನು ನನ್ನನ್ನು ದೂರದಿಂದ ಕಂಡೇ ಬಾಗಿಲು ಎಳೆದುಕೊಂಡ. ಮಧ್ಯಾಹ್ನದ ಹೊತ್ತಿಗೆ ನನ್ನ ಸೊಂಟ ಹಿಡಿದುಕೊಂಡಿತ್ತು, ಅಂಗೈ ಸುಲಿದಿತ್ತು, ಬೀದಿಯ ಬೆಕ್ಕುಗಳಿಗೂ ನನ್ನ ಪರಿಚಯವಾಗಿತ್ತು.

ಹೋಟೆಲಿಗೆ ಬಂದಾಗ ಅವಳಿಂದ ಬಯ್ಗುಳದ ಮಳೆ ನಿರೀಕ್ಷಿಸಿದ್ದೆ. ಬಯ್ಯಲಿಲ್ಲ. ಕಿಟಕಿಯ ಬಳಿ ಕೂತು, ತೊಡೆಯ ಮೇಲೆ ತಿಳಿನೀಲಿ ಬಟ್ಟೆಯ ಒಂದು ಅಂಗಿ ಹರಡಿಕೊಂಡಿದ್ದಳು. ಮಷೀನು ಪರೀಕ್ಷಿಸಲೆಂದು ಮಾದರಿ ಜೊತೆಯನ್ನು ಕತ್ತರಿಸಿ, ಅಂಚು ಬಿಟ್ಟು ಉಳಿದದ್ದನ್ನೆಲ್ಲ ಹೊಲಿದು ತಂದಿದ್ದಳಂತೆ. ನನಗೆ ತೋರಿಸಿಯೇ ಇರಲಿಲ್ಲ. ಅಥವಾ ತೋರಿಸಲು ಬಂದಾಗಲೂ ಕಾಲು ತುಳಿದಿದ್ದೆನೋ ಏನೋ! ಅಂಚಿನಿಂದ ಒಂದೊಂದೇ ನೂಲು ಬಿಚ್ಚಿಕೊಳ್ಳುತ್ತಿತ್ತು. ಅವಳು ಅದನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಮಡಚುತ್ತಿದ್ದಳು.

"ಎಷ್ಟು ಉಳಿದಿದೆ?" ಎಂದು ಕೇಳಿದೆ.

"ಐನೂರ ಇಪ್ಪತ್ತು."

"ಬಿಳಿ ಮಷೀನಿಗೆ?"

"ಎಂಟುನೂರು ಅಂದಿದ್ದಳಲ್ಲ." ಅಂಗಿಯನ್ನು ಮಡಚಿ ಚೀಲಕ್ಕೆ ಹಾಕಿ, "ಮೇಟ್ರನ್‌ಗೆ ಊರಿಗೆ ಹೋಗಿ ಹೇಳ್ತೀನಿ. ಆಗಲ್ಲ ಅಂತ" ಎಂದಳು.

ಆ ಕ್ಷಣ ನನಗೆ ಬಹಳ ನಾಚಿಕೆಯಾಯಿತು. ಹಾಸ್ಯಕ್ಕೆ ಹೇಳುತ್ತಿಲ್ಲ. ನಾಲ್ಕು ವರ್ಷ ಗುಂಡಿಯ ಕೆಳಗೆ ಕೂಡಿಟ್ಟದ್ದರಲ್ಲಿ ಅರ್ಧವನ್ನು ನಾನು ಒಂದು ಮಧ್ಯಾಹ್ನದ ಕುಸ್ತಿಗೆ ಸುರಿದುಬಂದಿದ್ದೆ. ನನ್ನ ಜೇಬಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸಿನ ಕಾಸು ಬಿಟ್ಟರೆ ಕೀಚೈನ್ ಮಾತ್ರ ಇತ್ತು.

ಕೊನೆಯ ದಿನ ಬೆಳಿಗ್ಗೆ ಅವಳೇ ಎದ್ದು ಚೀಲ ಹೆಗಲಿಗೆ ಹಾಕಿದಳು. "ನಡೀರಿ. ಆ ಕಬ್ಬಿಣಾನೂ ತನ್ನಿ."

"ಎಲ್ಲಿಗೆ?"

"ಮೊದಲನೇ ಅಂಗಡಿಗೆ. ಈ ಸಲ ಸೂತ್ರ ನಂದು. ಒಂದೇ ಸೂತ್ರ. ನೀವು ಒಳಗೆ ಬರಬಾರದು."

ಅಂಗಡಿಯ ಮುಂದಿನ ಕಲ್ಲಿನ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿ, ಪಕ್ಕದಲ್ಲಿ ಮುರುಕು ಗಾಡಿಯನ್ನು ನಿಲ್ಲಿಸಿ ಒಳಗೆ ಹೋದಳು. ನಾನು ಗಾಜಿನಿಂದ ನೋಡುತ್ತಿದ್ದೆ. ಏನು ಹೇಳಲಿ! ಶಾಸ್ತ್ರವನ್ನೆಲ್ಲ ಗಾಳಿಗೆ ತೂರಿದಳು. ಬಿಳಿ ಮಷೀನಿನ ಮುಂದೆ ನಿಂತು ಬಾಯ್ತುಂಬ ನಕ್ಕಳು. ಅದರ ಬೆನ್ನು ಸವರಿದಳು. ಚೀಲದಿಂದ ನೀಲಿ ಅಂಗಿ ತೆಗೆದು, ಕೇಳದೆಯೇ ಕುರ್ಚಿ ಎಳೆದು ಕೂತು, ತೋಳಿನ ಅಂಚನ್ನು ಸೂಜಿಯ ಕೆಳಗೆ ಇಟ್ಟು ಒಂದೇ ಉಸಿರಿಗೆ ಹೊಲಿದುಬಿಟ್ಟಳು. ಟೇಪಿನ ಹೆಂಗಸು ಹತ್ತಿರ ಬಂದು ಅಂಚನ್ನು ಬೆಳಕಿಗೆ ಹಿಡಿದು ನೋಡಿದಳು, ಬೆರಳಾಡಿಸಿದಳು. ನನ್ನವಳು ಕನ್ನಡದಲ್ಲಿ ಏನೋ ಹೇಳಿದಳು, ಆಕೆ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಇಬ್ಬರೂ ಬಾಲ್ಯದ ಗೆಳತಿಯರ ಹಾಗೆ ತಲೆಗೆ ತಲೆ ಕೊಟ್ಟು ಅಂಗಿ ನೋಡುತ್ತಿದ್ದರು.

ನನಗೆ ಹೊರಗೆ ಕೂತು ಕೈಕಾಲು ಆಡದು. ಇಷ್ಟೊಂದು ಆಸೆ ತೋರಿಸಿದರೆ ಸಾವಿರ ಕೇಳುತ್ತಾಳಲ್ಲ! ಎದ್ದು ಗಾಜಿಗೆ ಮೂಗು ಒತ್ತಿ, ಎರಡೂ ಕೈಯಿಂದ ಕೆನ್ನೆಯನ್ನು ಕೆಳಕ್ಕೆ ಎಳೆದು ಬೇಜಾರಿನ ಮುಖ ಮಾಡಿ ತೋರಿಸಿದೆ. ಕಿವಿ ಕೆರೆದೆ. ಎರಡು ಕಿವಿಯನ್ನೂ ಕೆರೆದೆ. ನನ್ನವಳು ತಿರುಗಿಯೂ ನೋಡಲಿಲ್ಲ. ಅಂಗಡಿಯಾಕೆ ಮಾತ್ರ ನೋಡಿದಳು.

ಅರ್ಧ ಗಂಟೆಯ ಮೇಲೆ ಇಬ್ಬರೂ ಹೊರಬಂದರು. ನನ್ನವಳ ಕೈಯಲ್ಲಿ ಹಿಡಿಕೆಯ ಪೆಟ್ಟಿಗೆ, ತೂಕ ಏಳೇ ಕೆಜಿ. ಇನ್ನೊಂದು ಕೈಯಲ್ಲಿ ತಿಳಿನೀಲಿ ನೂಲಿನ ನಾಲ್ಕು ಉಂಡೆ, ಅದು ಉಚಿತ. ಅಂಗಡಿಯಾಕೆ ನನ್ನ ಕಬ್ಬಿಣವನ್ನು ಒಂದು ಕೈಯಲ್ಲಿ ತಳ್ಳಿಕೊಂಡು ಒಳಗೆ ಒಯ್ದಳು. ಅದಕ್ಕೆ ನೂರು ಕಟ್ಟಿದ್ದಳಂತೆ. ಹೋಗುವಾಗ ನನ್ನ ಭುಜವನ್ನು ಎರಡು ಸಲ ತಟ್ಟಿದಳು. ಏಕೆಂದು ಆಗ ತಿಳಿಯಲಿಲ್ಲ.

"ಒಟ್ಟು ಎಷ್ಟಕ್ಕೆ ಕೊಟ್ಟಳು?" ಎಂದೆ ಬಸ್ಸಿನಲ್ಲಿ.

"ಆರುನೂರು."

ಎಂಟುನೂರರಿಂದ ಆರುನೂರು! ಅದರಲ್ಲಿ ಕಬ್ಬಿಣದ ನೂರು ಕಳೆದರೆ ಇವಳು ಕೊಟ್ಟದ್ದು ಐನೂರು! ಹೇಗೆ ಇಳಿಸಿದೆ ಎಂದು ಕೇಳಲು ನಾಲಿಗೆ ತುರಿಸಿತು. ಕೇಳಿದರೆ ಇಪ್ಪತ್ತೆರಡು ವರ್ಷದ ಸೇವೆಗೆ ಅವಮಾನ. ಜೇಬಿನ ಕೀಚೈನ್ ತಿರುಗಿಸುತ್ತ ಕಿಟಕಿಯ ಹೊರಗೆ ನೋಡಿದೆ. ಅವಳು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡೇ ಊರು ತಲುಪಿದಳು.

ಒಂದನೇ ತಾರೀಖು ಮೇಟ್ರನ್ ಅಂಗಿಯನ್ನು ಒಳಮೈ ಹೊರಕ್ಕೆ ತಿರುಗಿಸಿ ಅಂಚು ಅಂಚೂ ನೋಡಿ, "ಮಿಕ್ಕಿದ್ದು ಯಾವಾಗ ಕೊಡ್ತೀಯಮ್ಮ?" ಎಂದರು. ನೂರಿಪ್ಪತ್ತು ಜೊತೆಯ ಬಟ್ಟೆ ಆಟೋದಲ್ಲಿ ನಮ್ಮ ಮುಂಗೋಣೆಗೆ ಬಂದಿಳಿಯಿತು. ನನಗೆ ಕೂರಲು ಜಾಗವಿಲ್ಲದಂತಾಯಿತು. ಆದರೂ ನನ್ನ ಜನ್ಮದಲ್ಲೇ ಅಷ್ಟು ಹಗುರಾಗಿ ನಿಂತುಕೊಂಡವನಲ್ಲ.

ಆ ಭಾನುವಾರ ಷಡ್ಡಕನೂ ನಾದಿನಿಯೂ ಮಷೀನು ನೋಡಲು ಬಂದರು. ಬೆಲೆ ಕೇಳಿ ಷಡ್ಡಕನ ಕಣ್ಣು ಅರಳಿದ್ದೇ ಅರಳಿದ್ದು. "ಅಬ್ಬಾ! ಹೇಗೆ ಇಳಿಸಿದ್ರಿ?" ಎಂದ. ಇಷ್ಟು ದಿನ ಕಾದಿದ್ದ ಗಳಿಗೆ! ಮನಸ್ಸು ತಡೆಯಲಿಲ್ಲ. ಕಾಲ ಮೇಲೆ ಕಾಲು ಹಾಕಿ, "ಚೌಕಾಸಿ ಅನ್ನೋದು ಒಂದು ತಪಸ್ಸು ಕಣಪ್ಪಾ. ಮೊದಲನೇದಾಗಿ ಮುಖದಲ್ಲಿ ಆಸೆ ಕಾಣಬಾರದು..." ಎಂದು ಶುರುಮಾಡಿದೆ. ಮಷೀನಿನ ಸದ್ದು ನಿಂತಿತು.

"ಇವರು ಹೇಳೋದು ನಿಜ" ಎಂದಳು ನನ್ನವಳು, ಸೂಜಿಗೆ ನೂಲು ಪೋಣಿಸುತ್ತ. "ಇವರಿಂದಲೇ ಇಳಿದದ್ದು."

ನಾನೇ ಬೆಚ್ಚಿಬಿದ್ದೆ.

"ಅಂಗಡಿಯವಳು ಎಂಟುನೂರು ಅಂದಳು. ನನಗೆ ಭಾಷೆ ಬರಲ್ಲ. ಏನು ಮಾಡ್ಲಿ? ನನ್ನ ಕಾಲಿನ ಹೆಬ್ಬೆರಳು ತೋರಿಸಿದೆ, ಹೊರಗಿದ್ದ ಕಬ್ಬಿಣ ತೋರಿಸಿದೆ, ಅದರ ಪಕ್ಕ ಕೂತಿದ್ದ ಇವರನ್ನ ತೋರಿಸಿದೆ. ಪಾಪ, ನಿಟ್ಟುಸಿರು ಬಿಟ್ಟು ನೂರು ಕಡಿಮೆ ಮಾಡಿದಳು. ಅಷ್ಟರಲ್ಲಿ ಇವರು ಗಾಜಿಗೆ ಮೂಗು ಒತ್ತಿ, ಕೆನ್ನೆ ಜಗ್ಗಿ, ಎರಡೂ ಕಿವಿ ಕೆರೆಯೋಕೆ ಶುರು ಮಾಡಿದ್ರಂತೆ. ನಾನು ನೋಡಲಿಲ್ಲ, ಅವಳು ನೋಡಿ ನನಗೆ ಹಾಗೇ ಮಾಡಿ ತೋರಿಸಿದಳು. ನನ್ನ ಎರಡೂ ಕೈ ಹಿಡಕೊಂಡು ಇನ್ನೂ ನೂರು ಕಡಿಮೆ ಮಾಡಿದಳು. ನೂಲು ಸುಮ್ಮನೆ ಕೊಟ್ಟಳು."

ಷಡ್ಡಕ ಕೆಮ್ಮುವ ನೆಪದಲ್ಲಿ ಕರವಸ್ತ್ರ ಮುಖಕ್ಕೆ ಹಿಡಿದ. ನಾನು ಹಾಕಿದ್ದ ಕಾಲನ್ನು ಮೆಲ್ಲಗೆ ಇಳಿಸಿದೆ. ನಾದಿನಿ ಮಾತ್ರ ನಗಲಿಲ್ಲ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಂದು ಸಲ ಲೆಕ್ಕ ಹಾಕುವಂತೆ ನೋಡಿ, ಬಹಳ ಗಂಭೀರವಾಗಿ ಅಕ್ಕನ ಕಡೆ ತಿರುಗಿದಳು.

"ಅಕ್ಕಾ, ಮುಂದಿನ ತಿಂಗಳು ನಾವೂ ಅಲ್ಲಿಗೇ ಹೋಗ್ತಿದೀವಿ. ನಾಲ್ಕು ದಿನ ಭಾವನ್ನ ಕಳಿಸಿಕೊಡ್ತೀಯಾ? ಏನೂ ಕೊಳ್ಳೋದು ಬೇಡ, ಮಾತಾಡೋದೂ ಬೇಡ. ಅಂಗಡಿ ಮೆಟ್ಟಿಲ ಮೇಲೆ ಕೂತಿದ್ದರೆ ಸಾಕು."